ರಾಸ್‌ಗೆಂದು ಇಟ್ಟ ಮಳೆನೀರು

ಯುಂಟಾ, ದಕ್ಷಿಣ ಆಸ್ಟ್ರೇಲಿಯಾ
ಭಾನುವಾರ, 14 ನವೆಂಬರ್ 1993

ಪ್ರೀತಿಯ ತಂಗಿ ರಾಸ್,

ಹೇಗಿದ್ದೀಯ? ದೋಣಿ ಕಾರ್ಖಾನೆಯಲ್ಲಿ ಜಾರಿ ಉಳುಕಿಸಿಕೊಂಡ ಮಣಿಕಟ್ಟು ವಾಸಿಯಾಯಿತೇ? ಹೊಬಾರ್ಟ್‌ನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವೆಂದು ರೇಡಿಯೋದಲ್ಲಿ ಕೇಳಿದೆ. ಇಲ್ಲಿ ಗುರುವಾರ ಮೂವತ್ತೊಂಬತ್ತು ಡಿಗ್ರಿ ಇತ್ತು. ಅಮ್ಮ ಚೆನ್ನಾಗಿದ್ದಾಳೆ. ಕೈನಡುಕ ಮಾತ್ರ ಜೂನ್‌ನಲ್ಲಿ ನೀನು ನೋಡಿದ್ದಕ್ಕಿಂತ ಹೆಚ್ಚಾಗಿದೆ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ, ಯಾಕೆ ಎಂದು ಕೇಳಿದರೆ "ಕೈ ಬೆಚ್ಚಗಿರ್ಲಿ ಅಂತ" ಎನ್ನುತ್ತಾಳೆ, ಈ ಬಿಸಿಲಿನಲ್ಲಿ. ನಾನೂ ಚೆನ್ನಾಗಿದ್ದೇನೆ. ನೀನು ಅದನ್ನು ಕೇಳಿರಲಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿನ್ನ ಪತ್ರ ಅಕ್ಟೋಬರ್ 28ರಂದು ನನ್ನ ಶಾಲೆಯ ವಿಳಾಸಕ್ಕೆ ಬಂತು. ಕ್ರಿಸ್‌ಮಸ್‌ಗೆ ಬರಲಾಗುವುದಿಲ್ಲ, ಅಮ್ಮನಿಗೆ ನೀನೇ ಮೆಲ್ಲಗೆ ಹೇಳು, ನಿನ್ನ ಬಾಯಿಂದ ಬಂದರೆ ಅವಳಿಗೆ ಅಷ್ಟು ಬೇಸರವಾಗುವುದಿಲ್ಲ ಎಂದು ಬರೆದಿದ್ದೆ. ನಾನು ಇನ್ನೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಎಂಬುದಕ್ಕೆ ಮೊದಲು ಗಾಡಿಯ ಕಥೆ ಹೇಳಬೇಕು.

ನಿನ್ನ ಪತ್ರ ಬಂದು ಎರಡು ದಿನಕ್ಕೆ, ಶನಿವಾರ, ಅಮ್ಮನನ್ನು ಪೀಟರ್‌ಬರೊದ ಡಾಕ್ಟರ ಬಳಿ ತೋರಿಸಿಕೊಂಡು ಬರುತ್ತಿದ್ದೆವು. ಪ್ಯಾರಟೂ ದಾಟಿದ ಮೇಲೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಆ ಮುಳ್ಳು ಸುಳ್ಳು ಹೇಳುತ್ತದೆ, ಬೆರಳ ಗೆಣ್ಣಿನಿಂದ ಗಾಜಿಗೆ ಕುಟ್ಟಬೇಕು ಎಂದು ಅಮ್ಮನೇ ಕಲಿಸಿದ್ದು. ಕುಟ್ಟಿದೆ. ಇಳಿಯಿತು. ಮತ್ತೆ ಏರಿತು, ಮತ್ತೆ ಕುಟ್ಟಿದೆ. ಹೀಗೆ ಹನ್ನೊಂದು ಕಿಲೋಮೀಟರ್ ಓಡಿಸಿದೆ. ಆಮೇಲೆ ಇಂಜಿನ್ನಿನ ಶಕ್ತಿ ಕುಗ್ಗಿತು, ಸುಟ್ಟ ಸಕ್ಕರೆಯಂಥ ವಾಸನೆ ಬಂತು, ಬಾನೆಟ್ ಸಂದಿಯಿಂದ ಹಬೆ ನುಗ್ಗಿತು. ತೂಕಡಿಸುತ್ತಿದ್ದ ಅಮ್ಮ ಎದ್ದು, "ನಿಲ್ಸೇ. ಗುಮಾಸ್ತೆ ಥರ ಓಡಿಸ್ತೀಯಲ್ಲ, ರಸ್ತೆಗೆರೆ ಒಂದೇ ನೋಡ್ಕೊಂಡು" ಎಂದಳು. ಇಪ್ಪತ್ತಾರು ವರ್ಷ ಉತ್ತರದ ಕುರಿ ಫಾರಂ ಸ್ಟೇಷನ್ನುಗಳಿಗೆ ವಾರಕ್ಕೆರಡು ಸಲ ಟಪಾಲು ಗಾಡಿ ಓಡಿಸಿದವಳ ಮಾತಿಗೆ ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಇಂಜಿನ್ ತಣಿಯಲು ಮುಕ್ಕಾಲು ಗಂಟೆ ಕಾದು, ಹಿಂದೆ ಇಟ್ಟಿದ್ದ ಹಸಿರು ಕ್ಯಾನಿನ ನೀರು ಹುಯ್ದರೆ ರೇಡಿಯೇಟರ್ ಬಾಯಿಯಿಂದ ಗುಳುಗುಳು ಗುಳ್ಳೆ ಬಂತು. ಅಮ್ಮ ನೋಡಿ ಮುಚ್ಚಳ ಹಾಕಿದಳು. ಇಂಜಿನ್ನಿನ ಹೆಡ್ಡಿನಡಿಯ ಗ್ಯಾಸ್ಕೆಟ್ ಹಾಳೆ ಸುಟ್ಟಿತ್ತು.

ಕ್ಲೆಮ್ ಪ್ಯಾಸ್ಕೋ ತನ್ನ ಟ್ರಕ್ಕಿಗೆ ಕಟ್ಟಿ ಎಳೆದು ತಂದ. ಹಳೆ ಗಾಡಿಗಳನ್ನು ಬಿಚ್ಚಿ ಮಾರುವವನಲ್ಲವೇ, ನಮ್ಮ ಗಾಡಿಯನ್ನೂ ಆ ಕಣ್ಣಿನಿಂದಲೇ ನೋಡಿದ. "ಎನಿಡ್, ಇದು ಮುಗೀತು. ಕೋಳಿಗೂಡು ಮಾಡ್ಕೊ, ಕಿಟಕಿ ಬೇರೆ ಇದೆ, ಗಾಳಿ ಬರತ್ತೆ" ಎಂದ. ಅಮ್ಮ, "ನಿನ್ನ ಕೋಳಿಗೆ ಬೇಕಾದ್ರೆ ನಿನ್ನ ಟ್ರಕ್ ಬಿಚ್ಚು. ಡಿಸೆಂಬರ್ ಇಪ್ಪತ್ತೆರಡಕ್ಕೆ ಬ್ರೋಕನ್ ಹಿಲ್‌ಗೆ ಹೋಗಿ ರಾಸ್‌ನ ಕರ್ಕೊಂಡ್ ಬರ್ಬೇಕು" ಎಂದಳು. ಅವನು ಟೋಪಿ ಹಿಂದಕ್ಕೆ ತಳ್ಳಿ, "ರಾಸ್ ಇಲ್ಲೇ ಇದ್ದಿದ್ರೆ ಎರಡೇ ದಿನದ ಕೆಲಸ" ಎಂದ. ನಾನು ಹಗ್ಗ ಬಿಚ್ಚುತ್ತ ಅಲ್ಲೇ ನಿಂತಿದ್ದೆ. ನಿನ್ನ ಪತ್ರ ನನ್ನ ಸ್ಕರ್ಟಿನ ಜೇಬಿನಲ್ಲಿತ್ತು.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ, ಅಥವಾ ಮಾಡಿಕೊ. ನಾವು ಚಿಕ್ಕವರಿದ್ದಾಗ ಅಮ್ಮ ಬಾನೆಟ್ ಎತ್ತಿದ ಕೂಡಲೇ ಕೂಗುತ್ತಿದ್ದದ್ದು ಒಂದೇ: "ರಾಸ್ ಕೈ, ಗ್ಲೆನ್ ಟಾರ್ಚ್." ಒಳಗೆ ಕೈ ಹಾಕುವುದು ನಿನ್ನ ಕೆಲಸ, ಬೆಳಕು ಹಿಡಿಯುವುದು ನನ್ನದು. ನಿನಗೆ ಏಳು ವರ್ಷ, ನನಗೆ ಹನ್ನೊಂದು. ನಿನ್ನ ಕೈ ಸಣ್ಣದು, ಸಂದಿಗೆ ಹೋಗುತ್ತದೆ ಎಂಬುದು ಕಾರಣ. ನಿನ್ನ ಕೈ ದೊಡ್ಡದಾಯಿತು, ಕಾರಣ ಹೋಯಿತು, ಏರ್ಪಾಡು ಹಾಗೇ ಉಳಿಯಿತು. ನಿನಗೆ ಇಂಜಿನ್ ಬಂತು, ಹೊಬಾರ್ಟ್ ಬಂತು. ನನಗೆ ಬಂದದ್ದು ಶಾಲೆಯ ಹಾಜರಿ ಪುಸ್ತಕ, ಮತ್ತು ಟಾರ್ಚ್ ಅಲುಗಾಡಿಸದೆ ಒಂದು ಗಂಟೆ ಹಿಡಿಯುವ ವಿದ್ಯೆ.

ಈ ಸಲ ಬೇರೆ ದಾರಿ ಇರಲಿಲ್ಲ. ಅಮ್ಮನ ಕೈಯಲ್ಲಿ ಸ್ಪ್ಯಾನರ್ ನಿಲ್ಲುವುದಿಲ್ಲ. ಷೆಡ್ಡಿನಲ್ಲಿ ಎರಡು ಸಲ ಪ್ರಯತ್ನಿಸಿದಳು, ಎರಡು ಸಲವೂ ಬೋಲ್ಟಿನ ಮೂಲೆ ಜಾರಿತು. ಮೂರನೆಯದಕ್ಕೆ ಸ್ಪ್ಯಾನರನ್ನು ನನ್ನ ಕಡೆ ಚಾಚಿ, ಎಲ್ಲೋ ನೋಡುತ್ತ, "ಹೊರಗಿನದ್ರಿಂದ ಒಳಗೆ ಬಾ. ಒಂದೇ ಸಲಕ್ಕೆ ಬಿಚ್ಬೇಡ, ಕಾಲು ಸುತ್ತು, ಕಾಲು ಸುತ್ತು" ಎಂದಳು. ಟಾರ್ಚ್ ತಾನೇ ತೆಗೆದುಕೊಂಡಳು. ಬೆಳಕು ಗೋಡೆಯ ಮೇಲೆಲ್ಲ ಓಡಾಡುತ್ತಿತ್ತು. ಸ್ವಲ್ಪ ಹೊತ್ತು ಸಹಿಸಿ, "ಸರಿಯಾಗಿ ಹಿಡಿಯಮ್ಮ, ನಂಗೇನೂ ಕಾಣ್ತಿಲ್ಲ" ಎಂದೆ. ಮೂವತ್ತು ವರ್ಷ ನನ್ನ ಕಿವಿಗೆ ಬಿದ್ದ ಮಾತು, ಅದೇ ದನಿಯಲ್ಲಿ ನನ್ನ ಬಾಯಿಂದ ಬಂತು. ಅಮ್ಮ ಟಾರ್ಚನ್ನು ರೇಡಿಯೇಟರ್ ಮೇಲೆ ಊರಿ ಹಿಡಿದಳು.

ಊರೆಲ್ಲ ಹೋಟೆಲಿನಲ್ಲಿ ಕುದುರೆ ಪಂದ್ಯ ಕೇಳುತ್ತಿದ್ದ ಮಂಗಳವಾರ ನಾವು ಇಂಜಿನ್ನಿನ ಹೆಡ್ ಎತ್ತಿದೆವು. ಒಳಗೆ ನೀರು ಓಡುವ ದಾರಿಗಳೆಲ್ಲ ಬಿಳಿಯ ಪೊರೆಯಿಂದ ಕಟ್ಟಿಹೋಗಿದ್ದವು. ಕೆಟಲ್ ತಳದಲ್ಲಿ ಕೂರುವ ಸುಣ್ಣ, ಅದೇ, ಆದರೆ ಬೆರಳು ದಪ್ಪ. ಅಮ್ಮ ಉಗುರಿನಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡಳು. "ಬೋರ್‌ನೀರು" ಎಂದಳು. ಆಮೇಲೆ ನನ್ನ ಮುಖ ನೋಡಿದಳು. ನಮ್ಮ ಮನೆಯ ಕಾನೂನು ನಿನಗೆ ಗೊತ್ತು: ಮಳೆನೀರು ಚಹಾಕ್ಕೆ ಮತ್ತು ಗಾಡಿಗೆ, ಬೋರ್‌ನೀರು ಸ್ನಾನಕ್ಕೆ ಮತ್ತು ಕೋಳಿಗೆ. ಸೋರುವ ರೇಡಿಯೇಟರಿಗೆ ಪ್ರತಿದಿನ ನೀರು ತುಂಬಬೇಕಿತ್ತು, ಯಾರೋ ತಿಂಗಳುಗಟ್ಟಲೆ ಕೋಳಿಗೂಡಿನ ಪಕ್ಕದ ನಲ್ಲಿಯಿಂದ ತುಂಬಿದ್ದಾರೆ. "ಗ್ಲೆನ್, ಎರಡು ನಲ್ಲಿಗೆ ವ್ಯತ್ಯಾಸ ಗೊತ್ತಾಗಲ್ವೇನೇ ನಿಂಗೆ" ಎಂದಳು. ನಾನು ಆ ಕ್ಯಾನ್ ತುಂಬಿದ್ದೇ ಇಲ್ಲ. ಅದು ಯಾವಾಗಲೂ ತುಂಬಿಯೇ ಇರುತ್ತಿತ್ತು. ಹಾಗೆಂದು ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಆಗ ನನಗೆ ನೀನು ನೆನಪಾದೆ. ಜೂನ್‌ನಲ್ಲಿ ನೀನು ಎರಡು ದಿನ ಗಾಡಿ ತೆಗೆದುಕೊಂಡು ಒಬ್ಬಳೇ ಉತ್ತರಕ್ಕೆ ಹೋಗಿದ್ದೆ. ದಾರಿಯಲ್ಲಿ ಯಾವುದೋ ದನದ ತೊಟ್ಟಿಯಿಂದ ನೀನೇ ತುಂಬಿರಬೇಕು ಎಂದುಕೊಂಡೆ. ಎರಡು ದಿನದ ನೀರಿಗೆ ಅಷ್ಟು ಸುಣ್ಣ ಕಟ್ಟುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೂ ನೀನೇ ಆಗಿರಲಿ ಎಂದು ಬಯಸಿದೆ, ಬಯಸಿ ಸಂತೋಷಪಟ್ಟೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅಮ್ಮ ಮೂರೇ ಮಾತು ಹೇಳಿದಳು: "ರಾಸ್ ಹಾಗೆ ಮಾಡಲ್ಲ." ಆ ಮೂರು ಮಾತನ್ನು ನನ್ನ ಹೆಸರಿಟ್ಟು ಅವಳು ಯಾರ ಮುಂದಾದರೂ ಹೇಳಿದ್ದರೆ ನಾನು ಕೇಳಿಲ್ಲ. ಜೇಬಿನಲ್ಲಿದ್ದ ನಿನ್ನ ಪತ್ರ ತೆಗೆದು ಅವಳ ಮುಂದೆ ಇಡೋಣ, ಯಾರು ಹಾಗೆ ಮಾಡಲ್ಲ ಎಂಬುದನ್ನು ನೋಡಲಿ ಎನ್ನಿಸಿತು. ಕೈಗೆ ಸಿಕ್ಕಿದ್ದು ಗ್ರೀಸ್ ಒರೆಸುವ ಬಟ್ಟೆ. ಅದರಲ್ಲಿ ಕೈ ಒರೆಸಿಕೊಂಡು ಕೆಲಸ ಮುಂದುವರಿಸಿದೆ.

ಹೆಡ್ಡು ಬಿಸಿಗೆ ಬಾಗಿತ್ತು. ಉಕ್ಕಿನ ಪಟ್ಟಿ ಅಡ್ಡ ಇಟ್ಟು ನೋಡಿದರೆ ನಡುವೆ ತೆಳ್ಳಗೆ ಬೆಳಕು ಕಾಣುತ್ತಿತ್ತು. ಕಾರ್ಖಾನೆಗೆ ಕಳಿಸಿದರೆ ತಿಂಗಳಾಗುತ್ತದೆ. ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಸೀಮೆಎಣ್ಣೆ ಹಾಕಿ, ಹೆಡ್ಡನ್ನು ಮಗುಚಿ ಉಜ್ಜಿದರೆ ಮಟ್ಟವಾಗುತ್ತದೆ, ಆದರೆ ಅಷ್ಟು ದೊಡ್ಡ ಗಾಜು ಎಲ್ಲಿದೆ ಎಂದಳು ಅಮ್ಮ. ಎಲ್ಲಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ಊಟದ ಕೋಣೆಯ ಕಪಾಟಿನ ಮೇಲೆ. ಅದರ ಅಡಿಯಲ್ಲಿ ನೀನು ಒಂಬತ್ತು ವರ್ಷದಿಂದ ಕಳಿಸಿದ ಬಂದರಿನ ಚಿತ್ರದ ಕಾರ್ಡುಗಳು ಸಾಲಾಗಿ ಇವೆಯಲ್ಲ, ಅದೇ ಗಾಜು. ಅಮ್ಮ ಒಪ್ಪುವುದಿಲ್ಲವೆಂದುಕೊಂಡಿದ್ದೆ. "ಕಾರ್ಡು ಮಡಚ್ಬೇಡ" ಎಂದಷ್ಟೇ ಹೇಳಿದಳು. ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಮೂವತ್ತೊಂದು ಇದ್ದವು. ನಾನು ಇದೇ ಮನೆಯಲ್ಲಿರುವವಳು, ಯಾರಿಗೆ ಕಾರ್ಡು ಬರೆಯಲಿ.

ಮೂರು ಸಂಜೆ ಉಜ್ಜಿದೆ, ಎಂಟರ ಆಕಾರದಲ್ಲಿ, ಅಮ್ಮ ಹೇಳಿದ ಹಾಗೆ, ಭಾರ ಹಾಕದೆ. ಅವಳು ಸ್ಟೂಲಿನ ಮೇಲೆ ಕೂತು ಸುತ್ತು ಎಣಿಸುತ್ತಿದ್ದಳು. ಎಣಿಕೆಯ ನಡುವೆ ಟಪಾಲು ಗಾಡಿಯ ಮಾತು ಬರುತ್ತಿತ್ತು. ಎಪ್ಪತ್ನಾಲ್ಕರ ನೆರೆಯಲ್ಲಿ ಹಳ್ಳದ ನಡುವೆ ಎರಡು ದಿನ ಕೂತದ್ದು, ಒಬ್ಬ ಸ್ಟೇಷನ್ ಅಡುಗೆಯವನು ಪ್ರತಿವಾರ ಕಾಗದ ಬಂದಿಲ್ಲವೆಂದು ಅವಳನ್ನೇ ಬೈಯುತ್ತಿದ್ದದ್ದು. ಇವೆಲ್ಲ ನಿನಗೆ ಗೊತ್ತಿರುವ ಕಥೆಗಳು ಎಂದು ಅವಳ ಲೆಕ್ಕ. ನಾನು ಮೊದಲ ಸಲ ಕೇಳಿದೆ.

ಶನಿವಾರ ಬೆಳಿಗ್ಗೆ ಮೊಟ್ಟೆ ತರಲು ಕೋಳಿಗೂಡಿಗೆ ಹೋದೆ. ಅಮ್ಮ ಬೋರ್ ನಲ್ಲಿಯ ಮುಂದೆ ಬಗ್ಗಿದ್ದಳು. ಒಂದು ಪಕ್ಕ ಹಸಿರು ಕ್ಯಾನು, ಇನ್ನೊಂದು ಪಕ್ಕ ಚಹಾದ ನೀರಿನ ಬಕೆಟ್ಟು. ಎರಡೂ ತುಂಬಿದ್ದವು. ಕ್ಯಾನು ಹೊರುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು, ಗಾಡಿ ನಿಂತಿದ್ದರೂ. ನನ್ನನ್ನು ನೋಡಿ ನೆಟ್ಟಗಾದಳು. ಜುಲೈನಲ್ಲಿ ಮಳೆನೀರಿನ ಟ್ಯಾಂಕಿನ ನಲ್ಲಿಗೆ ಅವಳು ತಂತಿ ಸುತ್ತಿ, "ಸೋರ್ತಿದೆ, ಮುಟ್ಬೇಡ, ನೀರು ನಾನೇ ತುಂಬ್ತೀನಿ" ಎಂದದ್ದು ಆಗ ನೆನಪಾಯಿತು. ಚಹಾ ಉಪ್ಪುಪ್ಪಾಗಿದೆ, ಅಂಗಡಿಯವನು ಬೇರೆ ಪುಡಿ ಕೊಟ್ಟಿದ್ದಾನೆ ಎಂದು ನಾನು ನಾಲ್ಕು ತಿಂಗಳು ಗೊಣಗಿದ್ದೆ.

"ಟ್ಯಾಂಕು ಆರನೇ ಗೆರೆಗೆ ಇಳ್ದಿತ್ತು," ಎಂದಳು, ತಗಡಿನ ಗೆರೆ ತೋರಿಸುತ್ತ. "ಜೂನ್‌ನಲ್ಲಿ ಮಳೆನೀರು ಮುಗೀತಾ ಬಂದಿದೆ ಅಂತ ಒಂದು ದಿನ ಬೋರ್‌ನೀರಲ್ಲಿ ಚಹಾ ಮಾಡಿದ್ದೆ. ರಾಸ್ ಒಂದು ಗುಟುಕು ಕುಡಿದು ಕಪ್ ಇಟ್‌ಬಿಟ್ಲು. ಇದನ್ನ ಹೇಗೆ ಕುಡೀತೀರಿ ನೀವು ಅಂದ್ಲು. ಕ್ರಿಸ್‌ಮಸ್‌ಗೆ ಬಂದಾಗ ಅವಳಿಗೆ ಒಳ್ಳೆ ನೀರು ಇರ್ಲಿ ಅಂತ."

"ಮತ್ತೆ ಗಾಡಿ?"

"ಗಾಡಿಗೆ ನಾಲ್ಕು ತಿಂಗಳಲ್ಲಿ ಏನಾಗತ್ತೆ ಅಂದ್ಕೊಂಡೆ."

ರಾಸ್, ಇಪ್ಪತ್ತಾರು ವರ್ಷ ಬಾಯಾರಿದರೂ ಕ್ಯಾನಿನ ಮಳೆನೀರು ಮುಟ್ಟದೆ ರೇಡಿಯೇಟರಿಗೆ ಹುಯ್ದ ಹೆಂಗಸು ಅವಳು. ನಿನ್ನ ಒಂದು ಗುಟುಕಿಗೆ ತನ್ನ ಕಾನೂನು ತಾನೇ ಮುರಿದಳು. ನಾನು ಕುಡಿದ ನಾಲ್ಕು ತಿಂಗಳ ಚಹಾ ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ, ನಿನ್ನಿಂದ ಮುಚ್ಚಿಡುವುದಿಲ್ಲ. ನನ್ನ ಮೇಲೆ ತಪ್ಪು ಹೊರಿಸಿದ್ದಕ್ಕೆ ಅವಳು ಕ್ಷಮೆ ಕೇಳಲಿಲ್ಲ. ಆ ದಿನ ಮಧ್ಯಾಹ್ನ ಕುರಿಮಾಂಸದ ಚಾಪ್ ಮೂರು ಇದ್ದವು, ಎರಡು ನನ್ನ ತಟ್ಟೆಗೆ ಬಂದವು.

ಅಡಿಲೇಡಿನಿಂದ ಗ್ಯಾಸ್ಕೆಟ್ ಬುಧವಾರದ ಬಸ್ಸಿಗೆ ಬಂತು. ಸುಣ್ಣವನ್ನು ವಿನಿಗರ್ ಮತ್ತು ತಂತಿಯಿಂದ ತೆಗೆದೆವು. ರೇಡಿಯೇಟರ್ ಕ್ಲೆಮ್‌ನ ಗುಜರಿಯಿಂದ. ಹೆಡ್ಡು ಕೂರಿಸಿ ಈ ಸಲ ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿದೆ. ನಿನ್ನೆ ಹತ್ತು ಗಂಟೆಗೆ ನೀರು ತುಂಬುವುದೊಂದೇ ಬಾಕಿ. ನಾನು ಕ್ಯಾನ್ ಹಿಡಿದು ಬೋರ್ ಕಡೆ ನಡೆದೆ, ಸ್ವಲ್ಪ ಸಿಟ್ಟಿನಿಂದಲೇ. "ಅಲ್ಲಲ್ಲ ಗ್ಲೆನ್, ಇಲ್ಲಿ" ಎಂದು ಕೂಗಿದಳು. ಟ್ಯಾಂಕಿನ ನಲ್ಲಿಯ ತಂತಿಯನ್ನು ಅವಳ ಕೈ ಬಿಚ್ಚಲಾರದೆ ಹೋಯಿತು, ನಾನೇ ಕತ್ತರಿಸಿದೆ. ಆರು ಲೀಟರ್ ಹಿಡಿಯಿತು. ಎರಡನೇ ಸಲಕ್ಕೆ ಇಂಜಿನ್ ಹತ್ತಿತು. ಹೆಡ್ಡಿನ ಮೇಲೆ ಚೆಲ್ಲಿದ್ದ ಸೀಮೆಎಣ್ಣೆ ಹೊಗೆಯಾಗಿ ಹೋಯಿತು, ಆಮೇಲೆ ಶಬ್ದ ಸಮವಾಯಿತು. ಬೇಲಿಯಾಚೆಯಿಂದ ಕ್ಲೆಮ್, "ರಾಸ್ ಯಾವಾಗ ಬಂದ್ಲು?" ಎಂದು ಕೂಗಿದ. ಅಮ್ಮ ಬಾನೆಟ್ ಮುಚ್ಚಿ ಗಾಡಿ ಹತ್ತಿದಳು. ಒಂದು ಗಂಟೆ ಓಡಿಸಿ ಬಂದೆವು. ಮುಳ್ಳು ನಡುವೆಯೇ ನಿಂತಿತ್ತು, ಯಾರೂ ಕುಟ್ಟಲಿಲ್ಲ.

ಬಂದು ಅಮ್ಮ ಟ್ಯಾಂಕಿನ ನೀರಿನಲ್ಲಿ ಚಹಾ ಮಾಡಿದಳು. ಒಂದೇ ಕಪ್ಪು, ನನ್ನ ಮುಂದೆ ಇಟ್ಟಳು. ಕುಡಿಯುವಾಗ ಎದುರು ಕೂತು ನನ್ನ ಮುಖವನ್ನೇ ನೋಡಿ ಕೇಳಿದಳು: "ಟ್ಯಾಂಕಿನ ತಳದ ನೀರು ನೋಡು, ಅದಕ್ಕೇ ಕೇಳ್ತಿದೀನಿ. ರಾಸ್‌ಗೆ ಆಗತ್ತಾ?"

ಆಗತ್ತೆ ಎಂದೆ.

ಮಣಿಕಟ್ಟಿಗೆ ಪಟ್ಟಿ ಕಟ್ಟುವುದು ಬಿಡಬೇಡ. ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ, ಸ್ವೆಟರ್ ಹಾಕಿಕೊ ಎಂದಿದ್ದಾಳೆ. ನನ್ನದೂ ಪ್ರೀತಿ ಇದೆ, ಈ ಕಾಗದದಲ್ಲಿ ಸಿಕ್ಕಷ್ಟು.

ನಿನ್ನ ಅಕ್ಕ,
ಗ್ಲೆನಿಸ್

ಮರೆತೆ: ನಿನ್ನ ಅಕ್ಟೋಬರ್ ಪತ್ರವನ್ನು ಇದರೊಳಗೆ ಇಟ್ಟು ವಾಪಸು ಕಳಿಸುತ್ತಿದ್ದೇನೆ, ಗ್ರೀಸಿನ ಕಲೆಗೆ ಕ್ಷಮಿಸು. ನಾನು ಅಮ್ಮನಿಗೆ ಹೇಳದಿದ್ದದ್ದು ಕನಿಕರದಿಂದ ಎಂದು ತಿಳಿಯಬೇಡ. ನೀನು ಬರುವುದಿಲ್ಲವೆಂದು ಗೊತ್ತಾಗಿದ್ದರೆ ಅವಳು ಮೊದಲ ದಿನವೇ ಗಾಡಿಯನ್ನು ಕ್ಲೆಮ್‌ಗೆ ಬಿಟ್ಟುಕೊಟ್ಟು ಒಳಗೆ ಹೋಗುತ್ತಿದ್ದಳು. ನನಗೆ ಆ ಎರಡು ವಾರ ಬೇಕಿತ್ತು. ನಿನ್ನ ಹೆಸರಿನಲ್ಲಿ ತೆಗೆದುಕೊಂಡೆ. ಈಗ ಬರುವುದಿಲ್ಲ ಎನ್ನುವುದಾದರೆ ನೀನೇ ಅವಳಿಗೆ ಬರೆ, ನನ್ನ ಬಾಯಿಂದ ಆಗದು. ಆದರೆ ಸಾಧ್ಯವಾದರೆ ಬಾ, ಎರಡು ದಿನಕ್ಕಾದರೂ. ಟ್ಯಾಂಕಿನ ನಲ್ಲಿಗೆ ತಂತಿಯನ್ನು ನಿನ್ನೆ ಸಂಜೆ ನಾನೇ ಮತ್ತೆ ಸುತ್ತಿದ್ದೇನೆ.