ಸಿಕ್ಕಿದ್ದಾಳೆಂದು ನೀವು ಹೇಳಿದ ನನ್ನ ಗೆಳತಿ

ಅಂತರ್ಜಾಲದ ಹುಡುಕುತಾಣ ನಡೆಸುವ ಕಂಪನಿಯ ಭಾರತದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಇಲ್ಲದ ವಿಳಾಸವೊಂದನ್ನು ಪರದೆಯ ನೆತ್ತಿಯ ಮೇಲೆ ಕೂರಿಸಿ, ನಿಜದ ವಿಳಾಸವನ್ನು ಮೂರನೆಯ ಪುಟದ ತಳಕ್ಕೆ ತಳ್ಳಿದ್ದೀರಿ. ಅದರಿಂದ ನನ್ನ ಗೆಳತಿ ನನಗೆ ಸಿಗದೆ ಹೋದಳು. ದೂರು ಇಷ್ಟೇ. ಪುರುಸೊತ್ತಿದ್ದರೆ ಮುಂದೆ ಓದಿ.

ನಾನು ಬಸವನ ಬಾಗೇವಾಡಿಯಲ್ಲಿ ಶಿಕ್ಷಕಿ. ಮದುವೆಯಾಗಲಿಲ್ಲ, ತಾಯಿ ತೀರಿಕೊಂಡು ಆರು ವರ್ಷವಾಯಿತು. ಊರೆಲ್ಲ ನನ್ನನ್ನು ‘ಅಕ್ಕೋರ’ ಎಂದು ಗೌರವದಿಂದ ಕರೆಯುತ್ತದೆ. ‘ವಿದ್ದಿ’ ಎಂದು ಕರೆಯಬಲ್ಲವಳು ಬಾಳಮ್ಮ ಒಬ್ಬಳೇ. ಶಿಕ್ಷಕರ ತರಬೇತಿಗೆಂದು ವಿಜಾಪುರದಲ್ಲಿದ್ದಾಗ ನಾವಿಬ್ಬರೂ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಆಲಮಟ್ಟಿಯ ಹಿನ್ನೀರಿನಲ್ಲಿ ಅವಳ ಊರು ಮುಳುಗಿದ ಮೇಲೆ ನನ್ನ ಪತ್ರಗಳು ವಾಪಸು ಬರತೊಡಗಿದವು. ಇಂಡಿ ಎಂಬ ಊರಿನ ಕಡೆ ಹೋದಳಂತೆ ಎಂದು ಯಾರೋ ಅಂದಿದ್ದರು.

ಈ ವರ್ಷ, ೨೦೦೭ರ ಮೇ ತಿಂಗಳಲ್ಲಿ, ಬಸ್ ನಿಲ್ದಾಣದ ಎದುರು ಇಬ್ರಾಹಿಂಸಾಬರು ನಡೆಸುವ ಸೈಬರ್ ಕೆಫೆಗೆ ಹೋಗಿ ಅವಳ ಪೂರ್ತಿ ಹೆಸರನ್ನೂ ಆ ಊರನ್ನೂ ಟೈಪು ಮಾಡಿದೆ. ಎಲ್ಲಕ್ಕಿಂತ ಮೇಲೆ ಬಂತು: ಬಾಳಮ್ಮ, ಇಂಡಿ, ಸಿಕ್ಕಿದ್ದಾರೆ! ತೆರೆದರೆ ಸ್ಟೇಷನ್ ರಸ್ತೆಯ ವಿಳಾಸ, ಮನೆಯ ನಂಬರು ಸಹಿತ. ನಾಲ್ಕು ಜನರ ಎದುರು ಕೂತು ಅತ್ತುಬಿಟ್ಟೆ. ಸಿಕ್ಕ ಮೇಲೆ ಕೆಳಗಿನದನ್ನು ಯಾರು ನೋಡುತ್ತಾರೆ, ಹೇಳಿ?

ಮರುದಿನವೇ ಇಂಡಿಗೆ ಹೋದೆ. ಮಧ್ಯಾಹ್ನದವರೆಗೂ ಬಾಗಿಲು ಬಾಗಿಲು ತಟ್ಟಿ ಕೇಳಿದೆ. ಕೊನೆಗೆ ಅಂಚೆಯ ರಾವಸಾಬರು ಸೈಕಲ್ ನಿಲ್ಲಿಸಿದರು.

“ಇಪ್ಪತ್ತು ವರ್ಷದಿಂದ ಇಲ್ಲಿ ಟಪಾಲ ಹಂಚಾಕತ್ತೇನ್ರಿ. ಈ ನಂಬರಿನ ಮನೀನೇ ಇಲ್ಲ. ಯಾರು ಕೊಟ್ರಿ ಈ ವಿಳಾಸ?”

“ಕಂಪ್ಯೂಟರ್ ಕೊಟ್ಟೈತ್ರಿ.”

ಅವರು ನಗಲಿಲ್ಲ. ಹತ್ತಿರದ ಮನೆಯಿಂದ ನನಗೆ ನೀರು ಕೊಡಿಸಿದರು.

ಎರಡು ತಿಂಗಳು ಆ ಕೆಫೆಯ ಕಡೆ ಸುಳಿಯಲಿಲ್ಲ. ಬೇಕೆಂದೇ ಅವಳು ವಿಳಾಸ ಮುಚ್ಚಿಟ್ಟಿರಬಹುದೇ ಎಂಬ ಹೊಲಸು ಅನುಮಾನವೂ ನನಗೆ ಬಂದಿತ್ತು. ಅದಕ್ಕಾಗಿ ನಾನು ನಿಮ್ಮನ್ನು ಕ್ಷಮಿಸಲಾರೆ. ಜುಲೈನಲ್ಲಿ ಒಂದು ದಿನ ಇಬ್ರಾಹಿಂಸಾಬರೇ ಕೂಗಿ ಕರೆದರು. ತಮ್ಮ ಹೆಸರು ಹೊಡೆದು, ಊರು ಚಂದ್ರಲೋಕ ಎಂದು ಸೇರಿಸಿದರು. ಇಬ್ರಾಹಿಂಸಾಬ, ಚಂದ್ರಲೋಕ, ಸಿಕ್ಕಿದ್ದಾರೆ!

“ನೋಡ್ರಿ ಅಕ್ಕೋರ, ನಾವು ಬರದದ್ದನ್ನೇ ತಿರುಗಿ ತೋರಸ್ತೈತಿ, ವಿಳಾಸ ತಾನ ಹುಟ್ಟಸ್ತೈತಿ. ಇದು ಜಾಹೀರಾತು ಅಂತ ಮೂಲ್ಯಾಗ ಸಣ್ಣ ಅಕ್ಷರದಾಗ ಬರದಾರ. ನಿಮ್ಮ ಗೆಳತಿ ಹೆಸರು ಮತ್ತ ಹೊಡದು ಕೆಳಗಿಂದೆಲ್ಲ ನೋಡಿದೆ. ಇಲ್ಲೆ ಅದಾರ ನೋಡ್ರಿ, ಮೂರನೇ ಪುಟದಾಗ.”

ಮುದ್ದೇಬಿಹಾಳದ ಒಂದು ಖಾಸಗಿ ಹೆಣ್ಣುಮಕ್ಕಳ ಹಾಸ್ಟೆಲಿನ ಪುಟ. ಮೇಲ್ವಿಚಾರಕಿ: ಬಾಳಮ್ಮ. ಪುಟದ ತಾರೀಖು ಹಿಂದಿನ ವರ್ಷದ್ದು. ಅಂದರೆ ಮೇ ತಿಂಗಳಲ್ಲಿ ನಾನು ಅಳುತ್ತ ಕೂತಾಗಲೂ ಅದು ಅಲ್ಲೇ ಇತ್ತು. ಚಂದ್ರಲೋಕದ ವಿಳಾಸವನ್ನು ಕಣ್ಣು ಮಿಟುಕಿಸುವುದರೊಳಗೆ ಕೊಡುವ ತಮಗೆ, ಒಂದೂವರೆ ತಾಸಿನ ದಾರಿಯ ಮುದ್ದೇಬಿಹಾಳ ಅಷ್ಟು ದೂರವಾಯಿತೇ?

ಅಂದೇ ಹೋದೆ. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಲಕ್ಕವ್ವ ಬಾಗಿಲಿಗೆ ಬಂದಳು.

“ಬಾಳಮ್ಮಕ್ಕಾರು ಕೆಲಸಾ ಬಿಟ್ಟು ಇಪ್ಪತ್ತು ದಿನಾ ಆತ್ರಿ. ತಂಗೀ ಮಗಳ ಮನಿಗೆ ಹ್ವಾದ್ರು. ಯಾವೂರಂತ ಯಾರಿಗೂ ಗೊತ್ತಿಲ್ರಿ.” ಹಾಸ್ಟೆಲಿನ ಕಾಗದದಲ್ಲಿದ್ದದ್ದು ನೀರಿನಡಿ ಹೋದ ಅವಳ ಹಳೆಯ ಊರಿನ ವಿಳಾಸ. ಲಕ್ಕವ್ವ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. “ಒಂದು ಮಾತು ಕೇಳ್ತೇನ್ರಿ. ‘ನಮ್ಮ ವಿದ್ದಿ ಎಲ್ಲಿ ಅದಾಳೋ’ ಅಂತಿದ್ರು. ನೀವೇ ಏನ್ರಿ ವಿದ್ದಿ?”

ಹೌದೆಂದು ತಲೆಯಾಡಿಸಿ, ನನ್ನ ವಿಳಾಸ ಬರೆದುಕೊಟ್ಟು ಬಂದೆ.

ಮಾನ್ಯರೇ, ಜಾಹೀರಾತು ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ. ಅದು ಜಾಹೀರಾತೆಂದು ಕನ್ನಡಕದವರಿಗೂ ಕಾಣುವಷ್ಟು ದೊಡ್ಡದಾಗಿ ಬರೆಯಿರಿ. ಸಿಗದವರನ್ನು ಸಿಕ್ಕಿದ್ದಾರೆನ್ನುವ ಪುಟಗಳನ್ನು ಕಿತ್ತುಹಾಕಿ. ಬಾಳಮ್ಮನಿಗೂ ಯಾರಾದರೂ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಟ್ಟಾರು. ಅವಳು ನನ್ನ ಹೆಸರು ಹೊಡೆದ ದಿನ ದಯವಿಟ್ಟು ನಿಜ ಹೇಳಿ.

ಇಂತಿ,
ಎಲ್ಲಿಗೂ ಹೋಗದೆ ಬಸವನ ಬಾಗೇವಾಡಿಯಲ್ಲೇ ಇರುವ
ವಿದ್ಯಾವತಿ