ನಾಳೆ ಹೇಳಬೇಕಾದ ಮಾತು

ಮಗಳೇ, ಅಳಿಯಂದಿರೇ, ಮೊಮ್ಮಕ್ಕಳೇ, ಮನೆಯ ಸಮಸ್ತ ಸಭಿಕರೇ, ಚಿತ್ತವಿಟ್ಟು ಕೇಳಿ!

ನಿನ್ನಮ್ಮನ ಕೊನೆಯ ದಿನ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನೋ ಹೇಳಿದರು. "ಏನಂತೆ ರೀ?" ಎಂದು ನಿನ್ನಮ್ಮ ನನ್ನನ್ನು ಕೇಳಿದಳು. ಪರಭಾಷೆ; ನನಗೊಂದಕ್ಷರವೂ ತಿಳಿಯಲಿಲ್ಲ. ಉತ್ತರ ಸಿಗದೆಯೇ ಹೋಗಿಬಿಟ್ಟಳು. ಆಮೇಲೆ ನಾಲಿಗೆ ತಿರುಗದಿದ್ದರೂ ಹಟ ಹಿಡಿದು ಆ ಭಾಷೆ ಕಲಿತೆ. ಈಗ ಅದೇ ಆಸ್ಪತ್ರೆಯಲ್ಲಿ ನಮ್ಮ ಕನ್ನಡದವರಿಗೆ ದುಭಾಷಿ.

ಇವತ್ತು ಪ್ರಜ್ಞೆಯಿಲ್ಲದ ಹೆಂಡತಿಯ ಪಕ್ಕ ಕುಳಿತಿದ್ದ ಒಬ್ಬ ಮುದುಕರು, "ಏನ್ ಸ್ವಾಮಿ, ನಾಟಕದ ಗಂಟಲು! ನಮ್ಮವಳು ಎದ್ದು ಕೂತ್ಬಿಡ್ತಾಳೆ" ಎಂದು ನಕ್ಕರು. ಆಕೆ ಇನ್ನು ಏಳುವುದಿಲ್ಲ, ನಾಳೆ ಗಂಡನಿಗೆ ಹೇಳೋಣವೆಂದು ಡಾಕ್ಟರಮ್ಮ ನನಗೆ ಆಗಲೇ ತಿಳಿಸಿದ್ದರು. ಆ ಮುದುಕರಿಗೆ ವಾರ್ಡಿನಲ್ಲಿ ಚಳಿ. ನಿನ್ನಮ್ಮನ ಶಾಲು ಕಳಿಸಿಕೊಡು.

ದುಭಾಷಿಯ ನಿಯಮವೆಂದರೆ, ಡಾಕ್ಟರಮ್ಮ 'ನಾನು' ಎಂದರೆ ನಾನೂ 'ನಾನು' ಎಂದೇ ಹೇಳಬೇಕು. ನಾಳೆ ಬೆಳಿಗ್ಗೆ ಆ ಮುದುಕರ ಪಕ್ಕ ಕುಳಿತು, ದನಿ ತಗ್ಗಿಸಿ, "ನಿಮ್ಮ ಹೆಂಡತಿಯನ್ನು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ" ಎಂದು ಹೇಳುತ್ತೇನೆ.

ಇಂತಿ,
ನಿನ್ನ ಅಪ್ಪ