ಹಿರೀಕರ ಕಣಕ್ಕೆ ಮದ್ದು ಇಡುವ ಮುನ್ನ

೧೯೬೪

ಕಲ್ಲು ಒಡೆಯಲು ಅಪ್ಪಣೆ ಕೊಟ್ಟ ಮಾನ್ಯ ಅಧಿಕಾರಿಗಳೇ,

ಯಲಹಂಕ ಹೋಬಳಿಯ ನಮ್ಮ ಹಳ್ಳಿಯ ದಿಬ್ಬದ ಮೇಲಿರುವ ಕಲ್ಲಿನ ವೃತ್ತವನ್ನು ಒಡೆದು ರಸ್ತೆಗೆ ಜಲ್ಲಿ ಮಾಡಲು ತಾವು ರುಜು ಹಾಕಿದ್ದೀರಿ. ಇಪ್ಪತ್ತೆರಡು ಕಲ್ಲುಗಳಲ್ಲಿ ಎಂಟು ಈಗಾಗಲೇ ಹೋಗಿವೆ. ಉಳಿದವಕ್ಕೆ ಬರುವ ಸೋಮವಾರ ಸಿಡಿಮದ್ದು ಇಡುತ್ತಾರಂತೆ. ತಮ್ಮ ಆಜ್ಞೆಯಲ್ಲಿ ಆ ಜಾಗದ ಹೆಸರು 'ಹಾಳು ಕಣ'. ಆಳೆತ್ತರದ ಬಂಡೆಗಳ ನಡುವೆ ರಾಗಿ ಹರಡಿ ಯಾವ ರೈತ ರೋಣಗಲ್ಲು ತಿರುಗಿಸುತ್ತಾನೆ ಎಂದು ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಅನುಮಾನ ಬರಲಿಲ್ಲವೇ? ದೊಡ್ಡ ಕಚೇರಿಗಳಿಗೆ ರಾಗಿ ಮುದ್ದೆಯಾಗಿಯೇ ಬರುತ್ತದೆ ಎಂದು ಕಾಣುತ್ತದೆ.

ತಮ್ಮನ್ನು ಬಯ್ಯುವ ಮೊದಲು ನನ್ನನ್ನು ಬಯ್ದುಕೊಳ್ಳಬೇಕು. 'ಕಣ' ಎಂದು ಬರೆದವನು ನಾನೇ. ನಾನು ಶಾನುಭೋಗನಾಗಿದ್ದಾಗ ಊರವರು ಅದನ್ನು 'ಹಿರೀಕರ ಕಣ' ಎಂದರು. ಸಮಾಧಿ ಎಂಬ ಮಾತನ್ನು ಅಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಪಹಣಿಯ ಅಂಕಣ ಕಿರಿದಾಗಿತ್ತು, ನನಗೆ ಊಟದ ಹೊತ್ತಾಗಿತ್ತು. ಹಿರೀಕರನ್ನು ಬಿಟ್ಟು ಕಣವನ್ನಷ್ಟೇ ಬರೆದೆ. 'ಹಾಳು' ಎಂಬುದು ತಮ್ಮವರ ಕೊಡುಗೆ.

ಆ ಹಿರೀಕರು ಯಾರು? ಎರಡು ಸಾವಿರ ವರ್ಷಕ್ಕೂ ಹಿಂದಿನವರು ಎಂದು ಓದಿಕೊಂಡವರು ಹೇಳುತ್ತಾರೆ. ಬಂಡೆಗಳನ್ನು ದಿಬ್ಬಕ್ಕೆ ಹೇಗೆ ಏರಿಸಿದರು? ನಡುವಿನ ಚಪ್ಪಡಿಯಲ್ಲಿ ತಲೆ ತೂರುವಷ್ಟೇ ದುಂಡನೆಯ ಕಿಂಡಿ ಏಕೆ ಕೊರೆದರು? ಅದರಿಂದ ಯಾರು ಒಳಗೆ ಹೋಗಬೇಕಿತ್ತು, ಯಾರು ಹೊರಗೆ ಬರಬೇಕಿತ್ತು? ನಮ್ಮೂರಿನ ಮೇಕೆಗಳು ಕೂಡ ಅಲ್ಲಿನ ಹುಲ್ಲಿಗೆ ಬಾಯಿ ಹಾಕುವುದಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಆದರೂ ಆ ದಿಬ್ಬವನ್ನು ಬಿಟ್ಟು ಸುತ್ತು ಹಾಕಿಕೊಂಡೇ ಹೋಗುತ್ತೇನೆ.

ಅಲ್ಲಿರುವವರು ಹಳಬರಷ್ಟೇ ಅಲ್ಲ. ಹಲ್ಲು ಬರುವ ಮುನ್ನ ತೀರಿಕೊಂಡ ಕೂಸುಗಳನ್ನು ನಮ್ಮವರು ಆ ವೃತ್ತದೊಳಗೆ ಹೂಳುತ್ತಾರೆ, ಹಿರೀಕರು ನೋಡಿಕೊಳ್ಳಲಿ ಎಂದು. ಮೇಲೆ ಗುರುತು ಇಡುವಂತಿಲ್ಲ. ಇಟ್ಟರೆ ಅದು ಮುಂದಿನ ಮಗುವನ್ನೂ ಕರೆಯುತ್ತದೆಂಬ ಭಯ. ನಮ್ಮ ಎದುರು ಮನೆಯ ಮುನಿಕೆಂಪಮ್ಮನ ಮೂರು ಕೂಸುಗಳು ಅಲ್ಲಿವೆ. ಕಳೆದ ವಾರ ಕಲ್ಲು ಒಡೆಯುವ ವಹಾಬ್ ಎಂಟನೆಯ ಬಂಡೆಯನ್ನು ಉರುಳಿಸಿದಾಗ ಬುಡದ ಮಣ್ಣಿನಲ್ಲಿ ಕರಿ ಮಡಕೆಯ ಚೂರುಗಳ ಜೊತೆ ಬೆರಳುದ್ದದ ಮೂಳೆಗಳು ಬಂದವು. ಅವನ್ನು ತನ್ನ ವಲ್ಲಿಯಲ್ಲಿ ಸುತ್ತಿ ನನ್ನ ಜಗಲಿಗೆ ತಂದ.

"ಅಯ್ನೋರೇ, ಇದು ಕಣ ಅಲ್ಲ. ನಾನಿನ್ನು ಅಲ್ಲಿ ಸುತ್ತಿಗೆ ಎತ್ತಲ್ಲ," ಎಂದು ಗಂಟನ್ನು ಅಲ್ಲೇ ಇಟ್ಟು ಹೊರಟುಹೋದ. ಗುತ್ತಿಗೆದಾರ ಮದ್ದಿನವರಿಗೆ ಹೇಳಿಕಳಿಸಿದ್ದು ಆಮೇಲೆ.

ಮುನಿಕೆಂಪಮ್ಮ ತಮ್ಮ ಕಚೇರಿಗೆ ಮೂರು ಸಲ ನಡೆದಳು. ಸಮಾಧಿ ಎನ್ನಲು ದಾಖಲೆ ತಾ ಎಂದರಂತೆ. ದಾಖಲೆಯಲ್ಲಿರುವುದು ನನ್ನ ಅಕ್ಷರ. ಅವಳು ಜಗಲಿಯಲ್ಲಿ ಆ ಗಂಟು ಬಿಚ್ಚಿ ಬಹಳ ಹೊತ್ತು ನೋಡಿದಳು.

"ಇದು ನಂದಾ, ಇರೀಕರ್ದಾ, ಎಂಗ್ ತಿಳೀಲಿ ಸ್ವಾಮಿ? ಬರ್ದೋರು ನೀವು, ನೀವೇ ಯೋಳಿ," ಎಂದಳು.

ನನಗೆ ನಾಚಿಕೆಯಾಯಿತು. ಒಳಗಿನಿಂದ ಕಾಗದ, ಲೇಖನಿ ತಂದು ಇದನ್ನು ಬರೆಯಲು ಕೂತೆ.

ತಪ್ಪು ನನ್ನದೆಂದು ಈ ಪತ್ರಿಕೆಯಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದೇನೆ. ಸೋಮವಾರದೊಳಗೆ ಅಪ್ಪಣೆಯನ್ನು ರದ್ದು ಮಾಡಿ. ಆಗದಿದ್ದರೆ ಮದ್ದು ಸಿಡಿಯುವ ಹೊತ್ತಿಗೆ ತಾವೇ ದಿಬ್ಬಕ್ಕೆ ಬನ್ನಿ. ಮುನಿಕೆಂಪಮ್ಮ ಸೆರಗೊಡ್ಡಿ ನಿಂತಿರುತ್ತಾಳೆ. ಮೇಲೆದ್ದ ಮೂಳೆಗಳಲ್ಲಿ ಅವಳ ಮಕ್ಕಳು ಯಾರೆಂದು ಆರಿಸಿ ಆ ಸೆರಗಿಗೆ ಹಾಕಿ.

ಇಂತಿ,
ತಾವು ಇಷ್ಟೊಂದು ನಂಬಿದ ಅಕ್ಷರದ ಒಡೆಯ,
ನರಸಿಂಹಯ್ಯ
ಮಾಜಿ ಶಾನುಭೋಗ